ಪಂಜರಾ ಬ್ಯಾಡ, ಪೊಟರಿ ಉಳಸ್ರಿ

ಗಿಣಿ ಅಂದ್ರ ಎಲ್ಲಾ ಒಂದ ಅಂತ ನಮ್ಮ ಕುಲಗೋಡ ಕಡೆ ಭಾಳ ಮಂದಿ ತಿಳಕೊಂಡಾರ. ಹಂಗಿಲ್ರಿ. ಕೀ ಕೀ ಅಂತ ಒದರಕೋತ ದಿನಾ ಗೋವಿನಜೋಳಕ್ಕ ಬರೂದು ಒಂದು ನಮೂನಿ. ಅದಕ್ಕಿಂತ ಸಣ್ಣದು, ಬಣ್ಣದಾಗ ಅದನ್ನ ಮೀರಿಸಿದ್ದು ಇನ್ನೊಂದೈತಿ. ಪುಸ್ತಕದಾಗ ಅದಕ್ಕ ಕೆಂದಲೆ ಗಿಳಿ ಅಂತಾರ. ಎಲಿ ಉದುರೂ ಕಾಡು, ಅದರ ಮಗ್ಗಲಿನ ಹೊಲ, ಇವು ಅದರ ನೆಲಿ.

ಬಾಲಾ ಸೇರಿಸಿದ್ರೂ ಸುಮಾರು 33 ಸೆಂಟಿಮೀಟರ್. ಅದರಾಗ ಅರ್ಧಕ್ಕಿಂತ ಹೆಚ್ಚು ಬಾಲಾನ. ಗಂಡಿನ ತಲಿ ಕೆಂಪು, ಹಿಂದಕ್ಕ ಹೋದಂಗ ನೀರಲ ಹಣ್ಣಿನ ಬಣ್ಣ. ಕೊಳ್ಳಾಗ ಕರೀ ದಾರ ಕಟ್ಟಿದಂಥ ಗೆರಿ, ರೆಕ್ಕಿ ಮ್ಯಾಲೆ ಕುಂಕುಮದ ಬೊಟ್ಟು. ಹೆಣ್ಣಿಗೆ ಬೂದಿ ಬಣ್ಣದ ತಲಿ, ಹಳದಿ ಪಟ್ಟಿ. ನೀಲಿ ಬಾಲದ ತುದಿ ಬೆಳ್ಳಗ. ದನಿನೂ ಅಷ್ಟ ಒರಟಲ್ಲ, ಮೆತ್ತಗ.

ಈ ಚೆಂದಾನ ಅದಕ್ಕ ಮುಳುವಾಗೇತಿ. ಮರಿ ಹಿಡಿತಾರ, ಮಾರತಾರ. ಹಿಡಿಯೂದು, ಸಾಕೂದು ಎರಡೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ಕಾಯ್ದೆ ಬಿಡ್ರಿ, ಇದು ಗುಂಪಿನಾಗ ಬದುಕೂ ಹಕ್ಕಿ. ಒಂದನ್ನ ತಂದು ಪಡಸಾಲ್ಯಾಗ ತೂಗ ಹಾಕಿದ್ರ, ಅದು ಯಾರ ಜೋಡಿ ಮಾತಾಡಬೇಕು?

"ತೆನಿ ತಿಂತಾವಲ್ಲ?" ಅಂತೀರಿ. ಖರೇ. ಜೋಳ ಹಾಲು ತುಂಬಿದಾಗ ಅಟ್ಟದ ಮ್ಯಾಲೆ ನಿಂತು ಕವಣಿ ಬೀಸೂದು ನಮ್ಮ ಹಿರ್ಯಾರೂ ಮಾಡ್ಯಾರ. ಓಡಸ್ರಿ, ಬ್ಯಾಡ ಅನ್ನಂಗಿಲ್ಲ. ಓಡಿಸೂದು ಬ್ಯಾರೆ, ರೆಕ್ಕಿ ಕತ್ತರಿಸಿ ಕುಂಡ್ರಸೂದು ಬ್ಯಾರೆ.

ನನಗ ಪಂಜರಕ್ಕಿಂತ ದೊಡ್ಡ ಚಿಂತಿ ಕೊಡ್ಲೀದು. ಈ ಗಿಣಿ ಕಡ್ಡಿ ಕೂಡಿಸಿ ಗೂಡು ಕಟ್ಟಂಗಿಲ್ಲ. ಹಳೇ ಗಿಡದ ಪೊಟರಿ ಬೇಕು. ಹೆಚ್ಚಾಗಿ ಡಿಸೆಂಬರ್‌ದಿಂದ ಏಪ್ರಿಲ್ ತನಕಾ ಅದರಾಗ 4ರಿಂದ 6 ತತ್ತಿ ಇಡತೈತಿ. ಕಾಲುವಿ ನೀರು ಬಂದು ಕಬ್ಬು ಹೆಚ್ಚಾದಂಗ, ನೆರಳಿಗೆ ಬೆಳಿ ಏಳಂಗಿಲ್ಲ ಅಂತ ಬದುವಿನ ಬೇವು, ಜಾಲಿ ಕಡಿಯಾಕತ್ತೀವಿ. ಕಟಗಿಗಂತ ನಾವು ಕೊಡ್ಲಿ ಹಿಡಿಯೂದೂ ಅದ ಬ್ಯಾಸಗಿಯಾಗ. ಪೊಳ್ಳಾದ ಗಿಡ ಉಪಯೋಗಿಲ್ಲಂತ ಮೊದಲ ಬೀಳೂದು ಅದ. ಗಿಡ ಬಿದ್ರ ತತ್ತೀನೂ ಹೋತು, ಮರೀನೂ ಹೋತು. ಹೊಸಾ ಸಸಿ ಹಚ್ಚಿದ್ರ ಅದರಾಗ ಪೊಟರಿ ಆಗಾಕ ನಮ್ಮ ಮೊಮ್ಮಕ್ಕಳ ಕಾಲ ಬರಬೇಕು.

ಅದಕ್ಕ ನಾ ಹೇಳೂದು ಇಷ್ಟ: ಹೊಲಕ್ಕೊಂದು ಪೊಳ್ಳು ಗಿಡ ಬಿಡ್ರಿ. ಹುಡುಗೂರು ಗಿಣಿ ಬೇಕಂತ ಹಟಾ ಹಿಡದ್ರ ಸಂತಿಗಲ್ಲ, ಆ ಗಿಡದ ಕಡೆ ಕರಕೊಂಡು ಹೋಗ್ರಿ. ಸಪ್ಪಳ ಮಾಡದಂಗ ದೂರ ನಿಂದರ್ಲಿ. ಪೊಟರ್‍ಯಾಗಿಂದ ಒಂದು ಕೆಂಪು ತಲಿ ಹೊರಗ ಇಣುಕಿದ್ರ, ಆಮ್ಯಾಲೆ ಅವು ಪಂಜರದ ಮಾತ ಎತ್ತಂಗಿಲ್ಲ.