ಹುಟ್ಟು ಹಾಕುವ ಕೈಗಳು, ಕೈಗೆಟುಕದ ಔಷಧ

ಪರರ ನೆರವಿಗಾಗಿ ನಡೆದು, ಓಡಿ ಹಣ ಕೂಡಿಸುವವರನ್ನು ನಾವು ಬಲ್ಲೆವು. ಬಹಾಮಾಸ್‌ನ ಬಿಮಿನಿ ದ್ವೀಪದಿಂದ ಅಮೆರಿಕದ ಫ್ಲಾರಿಡಾ ತೀರದವರೆಗಿನ ಸುಮಾರು 80 ಮೈಲಿ ಕಡಲನ್ನು ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತಾ ದಾಟುವವರೂ ಇದ್ದಾರೆ. ಸಿಸ್ಟಿಕ್ ಫೈಬ್ರೋಸಿಸ್ ಪೀಡಿತ ಬಾಲಕಿಯ ತಂದೆಯೊಬ್ಬರು 2013ರಲ್ಲಿ ಆರಂಭಿಸಿದ ಈ ಸಾಮೂಹಿಕ ಯಾನವು ಮಧ್ಯರಾತ್ರಿ ಹೊರಟು, ಗಲ್ಫ್ ಸ್ಟ್ರೀಮ್ ಪ್ರವಾಹವನ್ನು ದಾಟಿ ದಡ ಸೇರುತ್ತದೆ.

ಈ ಯಾನಕ್ಕೆ ಕಡಲು ಒಪ್ಪುವುದಕ್ಕೆ ಕಾರಣವಿದೆ. ಈ ಆನುವಂಶಿಕ ರೋಗದಲ್ಲಿ ಶ್ವಾಸಕೋಶದ ಲೋಳೆ ಗಟ್ಟಿಯಾಗಿ ಉಸಿರಾಟವೇ ದುಸ್ತರವಾಗುತ್ತದೆ. ಉಪ್ಪುನೀರಿನ ತುಂತುರನ್ನು ಉಸಿರಾಡಿದರೆ ಲೋಳೆ ಸಡಿಲಗೊಳ್ಳುವುದೆಂಬ ಸುಳಿವು ಆಸ್ಟ್ರೇಲಿಯಾದಲ್ಲಿ ಸರ್ಫಿಂಗ್ ಮಾಡುತ್ತಿದ್ದ ರೋಗಿಗಳಿಂದ ದೊರೆಯಿತು. 2006ರಲ್ಲಿ ಪ್ರಕಟವಾದ ಅಧ್ಯಯನಗಳು ಅದರ ಪ್ರಯೋಜನವನ್ನು ತೋರಿಸಿದವು.

ಉಪ್ಪು ಅಗ್ಗ, ಔಷಧ ಹಾಗಲ್ಲ. 2019ರಲ್ಲಿ ಅಮೆರಿಕ ಅನುಮೋದಿಸಿದ ಟ್ರೈಕಾಫ್ಟಾ ಬಹುಪಾಲು ರೋಗಿಗಳಿಗೆ ಹೊಸ ಭರವಸೆ ತಂದಿತು. ಆದರೆ ಅಲ್ಲಿ ಅದರ ಘೋಷಿತ ಬೆಲೆ ವರ್ಷಕ್ಕೆ 3 ಲಕ್ಷ ಡಾಲರಿಗೂ ಮಿಗಿಲು. ಯಾನದಿಂದ ಕೂಡಿದ ಹಣ ನೊಂದ ಕುಟುಂಬಗಳ ತುರ್ತು ವೆಚ್ಚಕ್ಕೆ ಒದಗಬಲ್ಲದು. ಔಷಧದ ಬೆಲೆಯನ್ನು ಇಳಿಸಲಾರದು. ಆ ಹೊಣೆ ಸರಕಾರದ್ದು, ತಯಾರಕರದ್ದು.

ದಾನವು ನ್ಯಾಯಕ್ಕೆ ಬದಲಿಯಲ್ಲ. ರಾತ್ರಿಯಿಡೀ ಹುಟ್ಟು ಹಾಕಿದವರನ್ನು ಮೆಚ್ಚುವ ನಾವು, ಆ ಶ್ರಮ ಅನಿವಾರ್ಯವಾದುದೇಕೆಂದೂ ಕೇಳೋಣ.