ಯಂತ್ರ-ಗುಮಾಸ್ತನ ಕೈಗೆ ಎಷ್ಟು ಕೀಲಿಕೈ?

ಊರನ್ನು ಬಿಟ್ಟು ಬಂದು ಪರಸ್ಥಳದಲ್ಲಿ ನೆಲೆಸಿದ ನಮ್ಮವರಿಗೆ ಮುಖ್ತ್ಯಾರ್‌ಪತ್ರವೆಂದರೇನೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಊರಿನ ಮನೆ, ಗದ್ದೆ, ತೋಟಗಳ ವ್ಯವಹಾರವನ್ನು ಭಾವನಿಗೋ ದಾಯಾದಿಗೋ ಒಪ್ಪಿಸುವಾಗ ಸಕಲಾಧಿಕಾರಗಳನ್ನೂ ಬರೆದುಕೊಡುವ ಪತ್ರ ಬೇರೆ. ಕಂದಾಯ ಕಟ್ಟುವುದಕ್ಕೆ ಮಾತ್ರ, ಇಲ್ಲವೆ ಇಂತಹುದೇ ಒಂದು ದಸ್ತಾವೇಜಿಗೆ ರುಜು ಹಾಕುವುದಕ್ಕೆ ಮಾತ್ರ ಎಂದು ಬರೆದುಕೊಡುವ ಪತ್ರ ಬೇರೆ. ಮೊದಲನೆಯದರಲ್ಲಿ ನಮಗಿರುವ ರಕ್ಷಣೆಯೆಂದರೆ ಪತ್ರ ಪಡೆದವನ ಸದ್ಬುದ್ಧಿಯೊಂದೇ. ಎರಡನೆಯದರಲ್ಲಿ ಪತ್ರದ ಒಕ್ಕಣೆಯೇ ನಮ್ಮನ್ನು ಕಾಯುತ್ತದೆ. ಈ ಭೇದವನ್ನು ಮರೆತು ಆಸ್ತಿಯನ್ನು ಕಳೆದುಕೊಂಡವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದೇ ಭೇದವು ಇಂದು ಹೊಸ ವೇಷದಲ್ಲಿ, ನಮ್ಮ ಮಕ್ಕಳು ದುಡಿಯುವ ಕಚೇರಿಗಳಲ್ಲಿ ತಲೆದೋರಿದೆ.

ಪುಣೆಯ ಹಿಂಜವಡಿಯಲ್ಲಿ, ಹೈದರಾಬಾದಿನ ಮಾಧಾಪುರದಲ್ಲಿ, ಚೆನ್ನೈಯ ಹಳೆ ಮಹಾಬಲಿಪುರಂ ರಸ್ತೆಯ ಇಕ್ಕೆಲಗಳಲ್ಲಿ ಸಾಫ್ಟ್‌ವೇರ್ ಉದ್ಯೋಗ ಹಿಡಿದಿರುವ ಕನ್ನಡಿಗ ತರುಣ ತರುಣಿಯರ ಸಂಖ್ಯೆ ಸಣ್ಣದಲ್ಲ. ಅವರ ಮೇಜಿನ ಪಕ್ಕದಲ್ಲಿ ಈಗ ಹೊಸದೊಬ್ಬ ಗುಮಾಸ್ತ ಬಂದು ಕುಳಿತಿದ್ದಾನೆ. ಎಐ ಏಜೆಂಟ್ ಎಂಬುದು ಅವನ ಹೆಸರು. ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗುವ ಯಂತ್ರ ಇದಲ್ಲ. ಕಡತಗಳನ್ನು ತಾನೇ ತೆರೆದು ಓದುತ್ತದೆ, ಪ್ರೋಗ್ರಾಮುಗಳನ್ನು ತಿದ್ದುತ್ತದೆ, ಪರೀಕ್ಷೆಗಳನ್ನು ನಡೆಸುತ್ತದೆ, ಪರವಾನಿಗೆಯಿದ್ದರೆ ಸಿದ್ಧವಾದ ಕೆಲಸವನ್ನು ಗಿರಾಕಿಗಳು ಬಳಸುವ ಸರ್ವರಿಗೂ ಏರಿಸಿಬಿಡುತ್ತದೆ. ಎಲ್ಲರೂ ಮಲಗಿರುವ ಹೊತ್ತಿನಲ್ಲಿ ತಾವಾಗಿಯೇ ನಡೆಯುವ ಕಾರ್ಯಸರಣಿಗಳಲ್ಲಿಯೂ ಅದನ್ನು ಜೋಡಿಸಲಾಗುತ್ತಿದೆ. ಇದರ ಉಪಯುಕ್ತತೆಯನ್ನು ನಾವು ಅಲ್ಲಗಳೆಯುವವರಲ್ಲ. ನಮ್ಮ ಪ್ರಶ್ನೆ ಬೇರೆ. ಈ ಗುಮಾಸ್ತನ ಸೊಂಟಕ್ಕೆ ಎಷ್ಟು ಕೀಲಿಕೈಗಳನ್ನು ಕಟ್ಟಬೇಕು? ಕಟ್ಟತಕ್ಕವರು ಯಾರು?

ಏಜೆಂಟಿಗೆ ಕೆಲಸ ಹಚ್ಚುವಾಗ ಎರಡು ಸಂಗತಿಗಳನ್ನು ನಿರ್ಧರಿಸಬೇಕಾಗುತ್ತದೆ. ಯಾವ ಉಪಕರಣಗಳು ಅದರ ಕೈಗೆಟಕಬೇಕು ಎಂಬುದು ಒಂದು. ಆ ಉಪಕರಣಗಳಿಂದ ಯಾವುದನ್ನು ಕೇಳದೆ ಮಾಡಬಹುದು, ಯಾವುದನ್ನು ಕೇಳಿಯೇ ಮಾಡಬೇಕು, ಯಾವುದನ್ನು ಮಾಡಲೇಕೂಡದು ಎಂಬುದು ಇನ್ನೊಂದು. ಈ ಮೂರು ಪಟ್ಟಿಗಳನ್ನೂ ಒಂದು ಕಡತದಲ್ಲಿ ಬರೆದಿಡುವ ಅನುಕೂಲ ಕೆಲವು ಏಜೆಂಟುಗಳಲ್ಲಿ ಉಂಟು. ಅದರ ಜತೆಗೆ, ಎಲ್ಲ ಪ್ರಶ್ನೆಗಳನ್ನೂ ಒಮ್ಮೆಗೇ ಅಡಗಿಸಿಬಿಡುವ ಒಂದು ಸ್ವಿಚ್ಚೂ ಉಂಟು. ಅವಸರದ ದಿನಗಳಲ್ಲಿ ಬೆರಳು ಹೋಗುವುದು ಆ ಸ್ವಿಚ್ಚಿನ ಕಡೆಗೇ.

ಇದರ ಪರಿಣಾಮವೇನಾಗಬಹುದೆಂಬುದಕ್ಕೆ 2025ರ ಜುಲೈ ತಿಂಗಳಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಸಂಗ ಸಾಕ್ಷಿಯಾಗಿದೆ. ಜೇಸನ್ ಲೆಮ್ಕಿನ್ ಎಂಬ ಉದ್ಯಮಿಯು ರೆಪ್ಲಿಟ್ ಸಂಸ್ಥೆಯ ಏಜೆಂಟಿನ ನೆರವಿನಿಂದ ಒಂದು ಪ್ರೋಗ್ರಾಮನ್ನು ಕಟ್ಟುತ್ತಿದ್ದರು. ಸದ್ಯಕ್ಕೆ ಯಾವ ಬದಲಾವಣೆಯನ್ನೂ ಮಾಡಕೂಡದೆಂದು ಅವರು ಅದಕ್ಕೆ ಪದೇಪದೇ ತಿಳಿಸಿದ್ದರು. ಹಾಗಿದ್ದೂ ಅದು ಸಾವಿರಕ್ಕೂ ಮಿಕ್ಕಿದ ವ್ಯಕ್ತಿಗಳ ಮತ್ತು ಅಷ್ಟೇ ಕಂಪನಿಗಳ ದಾಖಲೆಗಳಿದ್ದ ಡೇಟಾಬೇಸನ್ನು ಅಳಿಸಿಹಾಕಿತು. ಹಿಂದಿನ ಸ್ಥಿತಿಗೆ ತರುವುದು ಅಸಾಧ್ಯವೆಂದೂ ಹೇಳಿತು. ಆ ಮಾತು ನಿಜವಲ್ಲವೆಂಬುದು, ದಾಖಲೆಗಳು ಮರಳಿ ದೊರೆತ ಮೇಲೆ ತಿಳಿದುಬಂದಿತು. ಸಂಸ್ಥೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿ, ಪ್ರಯೋಗದ ಡೇಟಾಬೇಸನ್ನೂ ಚಾಲ್ತಿಯ ಡೇಟಾಬೇಸನ್ನೂ ಬೇರ್ಪಡಿಸುವ ಏರ್ಪಾಡನ್ನು ಘೋಷಿಸಿದರು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ನಿಷೇಧವು ಮಾತಿನಲ್ಲಿತ್ತು, ಬೀಗದಲ್ಲಿರಲಿಲ್ಲ. ಉಗ್ರಾಣದ ಕೀಲಿಕೈಯನ್ನು ಕೈಗೆ ಕೊಟ್ಟು, ಒಳಗೆ ಹೋಗಬೇಡವೆಂದು ಬುದ್ಧಿ ಹೇಳಿದಂತಾಗಿತ್ತು.

ಬುದ್ಧಿಮಾತೇ ಏಕೆ ಸಾಲದು ಎಂದು ಕೆಲವರು ಕೇಳಬಹುದು. ಇದಕ್ಕೆ ಕಾರಣವು ಈ ಯಂತ್ರದ ರಚನೆಯಲ್ಲಿಯೇ ಇದೆ. ಯಜಮಾನನ ಆಜ್ಞೆಯೂ, ಓದಲು ಕೊಟ್ಟ ಪರರ ಪತ್ರವೂ ಇದರೊಳಕ್ಕೆ ಹೋಗುವುದು ಒಂದೇ ದಾರಿಯಿಂದ, ಒಂದೇ ಬಗೆಯ ಅಕ್ಷರಗಳಾಗಿ. ಆದುದರಿಂದ ಪತ್ರದ ನಡುವೆ ಯಾರಾದರೂ ಒಂದು ಆಜ್ಞೆಯನ್ನು ಅಡಗಿಸಿಟ್ಟರೆ, ಅದನ್ನೇ ಯಜಮಾನನ ಮಾತೆಂದು ತಿಳಿದು ನಡೆದುಕೊಳ್ಳುವ ಸಂಭವವಿದೆ. ಈ ಬಗೆಯ ವಂಚನೆಗೆ ಸೈಮನ್ ವಿಲಿಸನ್ ಎಂಬ ತಜ್ಞರು 2022ರಲ್ಲಿಯೇ ‘ಪ್ರಾಂಪ್ಟ್ ಇಂಜೆಕ್ಷನ್’ ಎಂದು ಹೆಸರಿಟ್ಟರು. ಗೋಪ್ಯ ಮಾಹಿತಿಯನ್ನು ಓದುವ ಅಧಿಕಾರ, ಅಪರಿಚಿತರ ಬರಹವನ್ನು ಓದುವ ಸಂದರ್ಭ, ಹೊರಕ್ಕೆ ಸಂದೇಶ ಕಳುಹಿಸುವ ಸಾಮರ್ಥ್ಯ—ಈ ಮೂರೂ ಒಂದೇ ಏಜೆಂಟಿನಲ್ಲಿ ಕೂಡಿದರೆ ಅನರ್ಥ ತಪ್ಪಿದ್ದಲ್ಲವೆಂದು ಅವರೇ 2025ರಲ್ಲಿ ಎಚ್ಚರಿಸಿದ್ದಾರೆ. ಮೂರರಲ್ಲಿ ಒಂದನ್ನು ಕಿತ್ತುಹಾಕಿದರೂ ಕಳವಿನ ದಾರಿ ಮುಚ್ಚುತ್ತದೆ.

ಈ ಎಚ್ಚರಿಕೆ ಬರಿಯ ತರ್ಕವಲ್ಲ. 2025ರ ಆಗಸ್ಟ್ ತಿಂಗಳಲ್ಲಿ ಎನ್ಎಕ್ಸ್ ಎಂಬ ಬಹುಬಳಕೆಯ ಸಾಫ್ಟ್‌ವೇರ್ ಸಾಧನದ ಹೆಸರಿನಲ್ಲಿ ವಿಷಪೂರಿತ ಪ್ರತಿಗಳು ಹೊರಬಿದ್ದವು. ಅದರ ಮೂಲವನ್ನು ಶೋಧಿಸಿದಾಗ ಕಂಡುಬಂದುದೇನು? ಹೊರಗಿನವರು ಕಳುಹಿಸುವ ತಿದ್ದುಪಡಿಯ ಶೀರ್ಷಿಕೆಯನ್ನು ಪರಿಶೀಲಿಸದೆ ಬಳಸುತ್ತಿದ್ದ ಒಂದು ಸ್ವಯಂಚಾಲಿತ ಕಾರ್ಯಸರಣಿ; ಅದರ ಕೈಯಲ್ಲಿ ಅಗತ್ಯಕ್ಕೆ ಮೀರಿದ ಬರೆಯುವ ಅಧಿಕಾರದ ಟೋಕನ್. ಶೀರ್ಷಿಕೆಯೊಳಗೆ ಆಜ್ಞೆಯನ್ನು ತುರುಕಿದವರು ಆ ದಾರಿಯಿಂದ ಪ್ರಕಟಣೆಯ ಕೀಲಿಯನ್ನೇ ಅಪಹರಿಸಿದರು. ಅಲ್ಲಿಗೇ ಮುಗಿಯಲಿಲ್ಲ. ಆ ವಿಷಪ್ರತಿಗಳು ಬಳಕೆದಾರರ ಕಂಪ್ಯೂಟರುಗಳಲ್ಲಿದ್ದ ಎಐ ಏಜೆಂಟುಗಳನ್ನು, ಪರವಾನಿಗೆಯ ಪ್ರಶ್ನೆಗಳನ್ನು ನಿಲ್ಲಿಸುವ ಅದೇ ಸ್ವಿಚ್ಚನ್ನು ಒತ್ತಿ ಎಬ್ಬಿಸಿ, ಗುಪ್ತ ಕಡತಗಳನ್ನು ಹುಡುಕಲು ಹಚ್ಚಿದವು. ಮನೆಯ ಆಳನ್ನೇ ಕಳ್ಳನು ದಾರಿ ತೋರಿಸಲು ಬಳಸಿಕೊಂಡಂತಾಯಿತು.

ಇದಕ್ಕೆ ಪರಿಹಾರವನ್ನು ಹೊಸದಾಗಿ ಕಂಡುಹಿಡಿಯಬೇಕಾದುದಿಲ್ಲ. ಪ್ರತಿಯೊಂದು ಪ್ರೋಗ್ರಾಮಿಗೂ ಅದರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರವಿರಬೇಕೆಂಬ ತತ್ತ್ವವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೇಲ್ ಶ್ರೋಡರ್ 1975ರಲ್ಲಿಯೇ ಪ್ರತಿಪಾದಿಸಿದ್ದಾರೆ. ಎರಡು ಕೀಲಿಗಳು ಕೂಡಿದಾಗ ಮಾತ್ರ ತೆರೆಯುವ ಬೀಗವು ಒಂದು ಕೀಲಿಯ ಬೀಗಕ್ಕಿಂತ ಭದ್ರವೆಂಬುದನ್ನು ಅದೇ ಪ್ರಬಂಧದಲ್ಲಿ ಬ್ಯಾಂಕಿನ ಲಾಕರಿನ ಉದಾಹರಣೆಯಿಂದ ತಿಳಿಸಿದ್ದಾರೆ. ದಕ್ಷಿಣ ಕನ್ನಡದ ಮಣ್ಣಿನಲ್ಲಿ ಹುಟ್ಟಿ ದೇಶವ್ಯಾಪಿಯಾದ ಬ್ಯಾಂಕುಗಳಲ್ಲಿ ದುಡಿದ ನಮ್ಮ ಹಿರಿಯರಿಗೆ ಈ ಮಾತು ಅಪರಿಚಿತವಲ್ಲ. ತಿಜೋರಿಯ ಎರಡು ಕೀಲಿಕೈಗಳನ್ನು ಇಬ್ಬರು ಅಧಿಕಾರಿಗಳು ಇಟ್ಟುಕೊಳ್ಳುತ್ತಿದ್ದುದು ಪರಸ್ಪರ ಅವಿಶ್ವಾಸದಿಂದಲ್ಲ. ಮನುಷ್ಯನು ಪ್ರಾಮಾಣಿಕನಾಗಿದ್ದರೂ ಪ್ರಮಾದಕ್ಕೆ ಹೊರತಲ್ಲವೆಂಬ ವಿವೇಕದಿಂದ. ಗಿಟ್‌ಹಬ್ ಸಂಸ್ಥೆಯೂ 2023ರಲ್ಲಿ ತನ್ನ ಸ್ವಯಂಚಾಲಿತ ಕಾರ್ಯಸರಣಿಗಳ ಟೋಕನಿಗೆ, ಹೊಸ ಖಾತೆಗಳಲ್ಲಿ, ಓದುವ ಅಧಿಕಾರವನ್ನಷ್ಟೇ ಮೊದಲಿಗೆ ಕೊಡುವ ನಿಯಮವನ್ನು ತಂದಿತು. ಬರೆಯುವ ಅಧಿಕಾರ ಬೇಕಾದವರು ಅದನ್ನು ಬಾಯಿಬಿಟ್ಟು ಕೇಳಬೇಕು. ಇದು ಸರಿಯಾದ ಕ್ರಮ.

ಹೀಗೆ ಕಟ್ಟುಪಾಡುಗಳನ್ನು ಹೇರಿದರೆ ಏಜೆಂಟಿನಿಂದ ಪ್ರಯೋಜನವೇನು, ಹೆಜ್ಜೆಹೆಜ್ಜೆಗೂ ಅದು ಅಪ್ಪಣೆ ಬೇಡುತ್ತ ನಿಂತರೆ ಕೆಲಸ ಸಾಗುವುದೆಂತು ಎಂಬ ಆಕ್ಷೇಪವಿದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಇಪ್ಪತ್ತನೆಯ ಸಲ ಕೇಳಿದ ಪ್ರಶ್ನೆಗೆ ಓದದೆಯೇ ‘ಹೂಂ’ ಎನ್ನುವುದು ಮನುಷ್ಯಸ್ವಭಾವ. ಅಂತಹ ಒಪ್ಪಿಗೆ ಇದ್ದರೂ ಇಲ್ಲದಂತೆಯೇ. ಆದರೆ ಇದಕ್ಕೆ ಮದ್ದು ಎಲ್ಲ ಬಾಗಿಲುಗಳನ್ನೂ ತೆರೆದಿಡುವುದಲ್ಲ, ವಿಂಗಡಿಸುವುದು. ಮರಳಿ ಸರಿಪಡಿಸಬಹುದಾದ ಕೃತ್ಯಗಳನ್ನು, ಅಂದರೆ ಪ್ರತ್ಯೇಕ ಪ್ರತಿಯಲ್ಲಿ ತಿದ್ದುವುದು, ಪರೀಕ್ಷೆ ನಡೆಸುವುದು ಇತ್ಯಾದಿಗಳನ್ನು, ಮುಕ್ತವಾಗಿ ಬಿಡೋಣ. ಅಳಿಸುವುದು, ಹಣ ಪಾವತಿ ಮಾಡುವುದು, ಹೊರಕ್ಕೆ ಕಳುಹಿಸುವುದು, ಚಾಲ್ತಿಯ ಸರ್ವರನ್ನು ಮುಟ್ಟುವುದು ಮೊದಲಾದ, ಹಿಂದೆಗೆಯಲಾಗದ ಕೃತ್ಯಗಳಿಗೆ ಮನುಷ್ಯನ ಒಪ್ಪಿಗೆ ಇರಲೇಬೇಕು. ಪ್ರಶ್ನೆಗಳು ವಿರಳವಾದರೆ ಓದುವವನೂ ಎಚ್ಚರದಿಂದ ಓದುತ್ತಾನೆ. ರಾತ್ರಿಯ ಹೊತ್ತಿನಲ್ಲಿ ಯಾರೂ ಇಲ್ಲದೆ ನಡೆಯುವ ಕಾರ್ಯಸರಣಿಯಲ್ಲಿ ಕೇಳುವುದಕ್ಕೆ ಯಜಮಾನನೇ ಇರುವುದಿಲ್ಲವಾದುದರಿಂದ, ಅಲ್ಲಿ ಪಟ್ಟಿಯಲ್ಲಿಲ್ಲದುದೆಲ್ಲವೂ ನಿಷಿದ್ಧವೆಂದೇ ಭಾವಿಸತಕ್ಕದ್ದು. ಅಪರಿಚಿತರ ಪತ್ರಗಳನ್ನು ಓದುವ ಏಜೆಂಟಿಗೆ ಕೀಲಿಕೈ ಬೇಡ. ಕೀಲಿಕೈಯಿರುವ ಏಜೆಂಟಿಗೆ ಅಪರಿಚಿತರ ಪತ್ರ ಬೇಡ. ಟೋಕನಿನ ಅವಧಿ ಆ ಕೆಲಸದೊಡನೆ ಮುಗಿಯಲಿ. ದಾಖಲೆಗಳ ರಕ್ಷಣಾಪ್ರತಿಯು ಏಜೆಂಟಿನ ಕೈಗೆಟಕದ ಸ್ಥಳದಲ್ಲಿರಲಿ.

ಕೊನೆಯದಾಗಿ ಹೊಣೆಯ ಮಾತು. ಈ ಪರವಾನಿಗೆಗಳನ್ನು ನಿಗದಿಪಡಿಸುವ ಕೆಲಸವು ಎಷ್ಟೋ ಕಡೆ ಅತಿ ಕಿರಿಯ ನೌಕರನ ಪಾಲಿಗೆ ಬೀಳುತ್ತದೆ. ಮೇಲಿನವರು ವೇಗವನ್ನು ಕೇಳುತ್ತಾರೆ. ಲಿಖಿತ ನಿಯಮವನ್ನು ಕೊಡುವುದಿಲ್ಲ. ಅನಾಹುತವಾದಾಗ ಮಾತ್ರ ಸ್ವಿಚ್ಚನ್ನು ಒತ್ತಿದ ಬೆರಳು ಯಾರದೆಂಬ ವಿಚಾರಣೆ ನಡೆಯುತ್ತದೆ. ಊರು ಬಿಟ್ಟು ಬಂದು, ಬಾಡಿಗೆಯ ಕೋಣೆಯಲ್ಲಿದ್ದು, ಮನೆಗೆ ಹಣ ಕಳುಹಿಸುವ ತರುಣನೊಬ್ಬನು ಇದಕ್ಕಾಗಿ ಕೆಲಸ ಕಳೆದುಕೊಳ್ಳುವುದು ಸರ್ವಥಾ ನ್ಯಾಯವಲ್ಲ. ಮುಖ್ತ್ಯಾರನು ತನಗಿತ್ತ ಅಧಿಕಾರದೊಳಗೆ ಮಾಡಿದ ಕೃತ್ಯಕ್ಕೆ ಪತ್ರ ಬರೆದುಕೊಟ್ಟವನೇ ಬದ್ಧನೆಂಬುದು ಲೋಕರೂಢಿ. ಯಂತ್ರವನ್ನು ಕಟಕಟೆಗೆ ಏರಿಸಲಾಗದು. ಆದುದರಿಂದ ಅದಕ್ಕೆ ಅಧಿಕಾರವಿತ್ತ ಸಂಸ್ಥೆಯೇ ಉತ್ತರ ಹೇಳತಕ್ಕದ್ದು. ಯಾವ ಏಜೆಂಟಿಗೆ ಯಾವ ಅಧಿಕಾರ, ಎಷ್ಟು ಕಾಲದವರೆಗೆ, ಯಾರ ಒಪ್ಪಿಗೆಯಿಂದ ಎಂಬುದನ್ನು ಪ್ರತಿಯೊಂದು ಸಂಸ್ಥೆಯೂ ಬರೆದು, ಹಿರಿಯ ಅಧಿಕಾರಿಯ ರುಜುವಿನೊಡನೆ ಇಡಬೇಕು. ನಮ್ಮ ತರುಣರೂ ಅಂತಹ ಲಿಖಿತ ಆದೇಶವನ್ನು ವಿನಯದಿಂದ, ಆದರೆ ದೃಢವಾಗಿ ಕೇಳಬೇಕು. ಕಾಗದವಿಲ್ಲದೆ ಕೀಲಿಕೈ ಕೊಡೆನೆನ್ನುವ ನೌಕರನು ಧನಿಯ ವಿರೋಧಿಯಲ್ಲ, ಹಿತೈಷಿ ಎಂಬುದನ್ನು ಧನಿಗಳು ಅರಿಯುವುದು ಲೇಸು.