ಬಾಣಂತಿಯ ಉದ್ಯೋಗ

ಹೊಳಲ್ಕೆರೆಯ ನಮ್ಮ ಪೂರ್ವಶಿಷ್ಯೆಯೊಬ್ಬಳು ಕೂಸನ್ನೆತ್ತಿಕೊಂಡು ಬಂದು, “ಮೇಷ್ಟ್ರೇ, ಹೆರಿಗೆ ರಜೆಯಲ್ಲಿರುವಾಗಲೇ ಕೆಲಸದಿಂದ ತೆಗೆದೆವೆಂದು ಕಾರ್ಖಾನೆಯವರ ಕಾಗದ ಬಂದಿದೆ” ಎಂದು ಕಣ್ಣೀರಿಟ್ಟಳು. ನಾವು ಧೈರ್ಯ ಹೇಳಿದೆವು.

ರಜೆಯ ಕಾರಣದಿಂದ ತಾಯಿಯನ್ನು ವಜಾಮಾಡುವುದಾಗಲಿ, ಆ ಅವಧಿಯಲ್ಲಿ ಆಕೆಗೆ ಹಾನಿಯಾಗುವಂತೆ ಕರಾರನ್ನು ಬದಲಿಸುವುದಾಗಲಿ ಕೂಡದೆಂದು 1961ರ ಕಾಯಿದೆಯೇ ವಿಧಿಸಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಹಿಂದಣ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದವಳಿಗೆ, ಎರಡು ಮಕ್ಕಳವರೆಗೆ, 26 ವಾರಗಳ ಸಂಬಳವುಂಟು.

ಮರಳಿದ ಮೇಲೆ ನಿಜವಾಗಿಯೂ ಕೆಲಸವಿಲ್ಲವಾದರೆ, ವರ್ಷ ತುಂಬಿದ ಕಾರ್ಮಿಕಳಿಗೆ ಒಂದು ತಿಂಗಳ ನೋಟೀಸೂ, ಸೇವೆಯ ವರ್ಷವೊಂದಕ್ಕೆ 15 ದಿನಗಳ ಸಂಬಳವೂ ಸಲ್ಲತಕ್ಕವು. ರಜೆಯ ಕಾಲವೂ ಸೇವೆಯೆಂದೇ ಗಣನೆ.

ಸೋದರಿಯರೇ, ಓದದೆ ರುಜು ಹಾಕಬೇಡಿರಿ. 60 ದಿನಗಳೊಳಗೆ ಚಿತ್ರದುರ್ಗದ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿರಿ. ಇದು ದಯೆಯಲ್ಲ, ನಿಮ್ಮ ಹಕ್ಕು.